ಬೆಟ್ಟಕ್ಕೆ ಮುಳ್ಳು ಬಿದ್ದ ಮೇಲೆ

ಅರಣ್ಯ ಇಲಾಖೆಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ನನ್ನನ್ನು ಕಂಡರೆ ಮೊದಲು ಕೇಳುವುದು ಚಿರತೆ ವಿಷಯ. "ಎಷ್ಟು ಸಲ ನೋಡಿದ್ದೀರಾ ಸಾರ್?" ನಾನು ಅದನ್ನು ನೋಡಿದ್ದು ಕಡಿಮೆ, ಅದು ನನ್ನನ್ನು ನೋಡಿದ್ದೇ ಹೆಚ್ಚಿರಬೇಕು ಅನ್ನುತ್ತೇನೆ. ಆಮೇಲೆ ಬಡ್ತಿ, ವರ್ಗಾವಣೆ, ಕ್ವಾರ್ಟರ್ಸ್ ಬಗ್ಗೆ ಕೇಳುತ್ತಾರೆ. ಅದನ್ನೆಲ್ಲ ಬಾಯಿಪಾಠ ಮಾಡಿಕೊಂಡವರು ಪ್ರತಿ ಕಚೇರಿಯಲ್ಲೂ ಒಬ್ಬರಿರುತ್ತಾರೆ, ಅವರನ್ನು ಹಿಡಿಯಿರಿ. ನಾನು ಗಾರ್ಡಾಗಿ ಸೇರಿ ಫಾರೆಸ್ಟರಾಗಿ ರಿಟೈರಾಗಿ ಮನೆಗೆ ಬಂದವನು. ಆ ಲೆಕ್ಕ ಅಷ್ಟಕ್ಕೇ ಮುಗಿಯಿತು. ಈಗ ಇವರಿಗೆಲ್ಲ ಟೂರಿಸಂ ಕೆಲಸವನ್ನೂ ಹಚ್ಚುತ್ತಾರೆ ಎಂದು ಕೇಳಿದೆ. ಅದರ ಬಗ್ಗೆ ನನಗೆ ಗೊತ್ತಿರುವುದನ್ನು ಬರೆದಿಡುತ್ತೇನೆ.

ಕಾಡು ಎಂದರೆ ಜನಕ್ಕೆ ಹಸಿರು ಕತ್ತಲೆಯೇ ಕಣ್ಣಿಗೆ ಬರುತ್ತದೆ. ನಮ್ಮ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಾಡು ಹಾಗಲ್ಲ. ಬಂಡೆ, ಬಂಡೆಯ ಸಂದಿಯಲ್ಲಿ ಕಾರೆ ಮುಳ್ಳು, ಬಂದರೆ ಗಿಡ, ಸೀತಾಫಲ, ಅಲ್ಲಲ್ಲಿ ಒಂದು ಬಸರಿ ಮರ. ವರ್ಷದಲ್ಲಿ ಮುಕ್ಕಾಲು ಪಾಲು ಬೂದು ಬಣ್ಣ. ನನ್ನ ಅರ್ಧ ಸರ್ವೀಸು ನೀಲಗಿರಿ ಸಸಿ ನೆಡುವುದರಲ್ಲಿ ಹೋಯಿತು, ಉಳಿದರ್ಧ ನೀಲಗಿರಿ ಯಾಕೆ ನೆಟ್ಟಿರಿ ಎಂದು ಬೈಸಿಕೊಳ್ಳುವುದರಲ್ಲಿ ಹೋಯಿತು. ನಡುವೆ ಮೇಕೆ ಹಿಡಿಯುವುದು, ಸೌದೆ ಹೊರೆ ಹೊತ್ತ ಹೆಂಗಸರನ್ನು ಅಟ್ಟುವುದು, ಬೇಸಿಗೆಯಲ್ಲಿ ಸೊಪ್ಪಿನ ಕೊಂಬೆ ಹಿಡಿದು ಬೆಂಕಿ ಬಡಿಯುವುದು. ಜನ ಕಾಡಿಗೆ ಬರಬಾರದು, ಅದೇ ನಮಗೆ ಕಲಿಸಿದ ಪಾಠ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಪಾಠ ತಿರುವುಮುರುವಾಯಿತು. ಜನ ಕಾಡಿಗೆ ಬರಬೇಕು, ಕಾಡಿನಂಚಿನ ಊರಿನವರೇ ಅವರನ್ನು ಕರೆದುಕೊಂಡು ಹೋಗಿ ತೋರಿಸಬೇಕು, ಅವರ ಅಜ್ಜ ಅಜ್ಜಿಯರಿಗೆ ಗೊತ್ತಿದ್ದ ಕಾಡಿನ ವಿದ್ಯೆಯೇ ಅವರಿಗೆ ಅನ್ನವಾಗಬೇಕು ಎಂದು ಆದೇಶ ಬಂತು. ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಹೊಸ ಜಿಲ್ಲೆಯಾದ ಮೇಲಂತೂ ಎಲ್ಲರಿಗೂ ಏನಾದರೊಂದು ಮಾಡಿ ತೋರಿಸುವ ಅವಸರ. ನಗರಗೆರೆ ದಾಟಿ ಆಂಧ್ರದ ಗಡಿ ಕಡೆ ನನ್ನ ಬೀಟಿನಲ್ಲಿ ಒಂದು ಬೆಟ್ಟವಿತ್ತು. ಅದರ ಬುಡದಲ್ಲಿ ನಾಯಕ ಜನರ ಒಂದು ಊರು. ನಿಜವಾದ ಹೆಸರು ಬೇಡ, ಎಲುಗುಪಲ್ಲಿ ಅನ್ನೋಣ. ತೆಲುಗಿನಲ್ಲಿ ಎಲುಗು ಎಂದರೆ ಕರಡಿ, ಆ ಬೆಟ್ಟದಲ್ಲಿ ಕರಡಿಗಳಿದ್ದವು. ನಮ್ಮ ರೇಂಜರ್ ಸಾಹೇಬರು ಆ ಊರನ್ನೇ ಆರಿಸಿದರು.

ಊರಿನಲ್ಲಿ ಗ್ರಾಮ ಅರಣ್ಯ ಸಮಿತಿ ಮೊದಲೇ ಇತ್ತು. ಅದರ ಅಧ್ಯಕ್ಷೆ ಗಂಗುಲಮ್ಮ. ಗಂಡ ತೀರಿಕೊಂಡ ಮೇಲೆ ಮಾವನ ಜೊತೆ ಹೊಲ ಮಾಡಿಕೊಂಡು, ಒಬ್ಬಳೇ ಮಗಳನ್ನು ಓದಿಸಿದ ಹೆಂಗಸು. ಮಾತು ಬಿರುಸು, ನಗು ಅದಕ್ಕಿಂತ ಬಿರುಸು. ಹಿಂದೊಮ್ಮೆ ನಾನು ಅವಳ ಸೌದೆ ಹೊರೆ ಕಿತ್ತುಕೊಂಡಿದ್ದೆ, ಅದನ್ನು ಸಭೆಯಲ್ಲಿ ಎಲ್ಲರೆದುರು ಹೇಳಿಯೇ ಸಮಿತಿಗೆ ಒಪ್ಪಿಕೊಂಡಳು. ಅವಳ ಮಾವ ನರಸಿಂಹಪ್ಪ ಊರಿಗೆ ಹಿರಿಯ, ಬೆಟ್ಟದ ಬಗ್ಗೆ ಬಹಳ ತಿಳಿದವನು. ಹಾಗೆಂದು ಆತ ಹೇಳಿದ್ದೆಲ್ಲ ನಿಜ ಎಂದುಕೊಳ್ಳಬೇಡಿ. ಮಳೆ ವಿಷಯದಲ್ಲಿ ಆತನೂ ರೇಡಿಯೋದವರೂ ಸರಿಸಮ ತಪ್ಪು ಹೇಳುತ್ತಿದ್ದರು.

ಮೊದಲ ಎಡವಟ್ಟು ರೇಂಜರ್ ಸಾಹೇಬರದು. ಪ್ರವಾಸಿಗರಿಗೆ ಕಾಡುಜನರ ಕುಣಿತ ತೋರಿಸಬೇಕೆಂದು ಚಿಂತಾಮಣಿಯ ನಾಟಕದ ಸಾಮಾನಿನ ಅಂಗಡಿಯಿಂದ ನವಿಲುಗರಿಯ ಕಿರೀಟ, ಮಣಿಸರ, ಚಿರತೆ ಚುಕ್ಕಿಯ ಬಟ್ಟೆ ಬಾಡಿಗೆಗೆ ತರಿಸಿದರು. ಎಲುಗುಪಲ್ಲಿಯವರು ಅದನ್ನು ಸುತ್ತ ನಿಂತು ನೋಡಿದರು. ಅವರಲ್ಲಿ ಅರ್ಧ ಜನ ರೇಷ್ಮೆ ಬೆಳೆದು ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ಹಾಕುವವರು, ಒಬ್ಬರು ಹೈಸ್ಕೂಲ್ ಮೇಷ್ಟ್ರು.

ಗಂಗುಲಮ್ಮ ಕೇಳಿದಳು. "ಇದನ್ನ ಯಾರ್ ಹಾಕ್ಕೊಬೇಕು ಸಾಮಿ?"

"ನೀವೇ ಕಣಮ್ಮ. ನಿಮ್ಮ ಸಂಪ್ರದಾಯದ ಉಡುಪು."

"ನಮ್ಮಜ್ಜ ಪಂಚೆ ಉಡ್ತಿದ್ದ, ನಮ್ಮಜ್ಜಿ ಸೀರೆ. ಇಂಥದ್ದು ನಾವ್ ನೋಡಿರೋದು ಸಿನಿಮಾದಾಗೆ. ನೀವ್ ಹಾಕ್ಕೊಳಿ ಸಾಮಿ, ಬೆಳ್ಳಗಿದೀರ, ಒಪ್ಪುತ್ತೆ."

ಹೇಳಿದವಳು ಸುಮ್ಮನಿರದೆ ಕಿರೀಟವನ್ನು ಎತ್ತಿ ಸಾಹೇಬರ ತಲೆಯ ಹತ್ತಿರಕ್ಕೇ ಹಿಡಿದಳು. ಅವರು ಹಿಂದೆ ಸರಿದರು. ಊರೆಲ್ಲ ನಕ್ಕಿತು, ನಾನು ಬೆಟ್ಟದ ಕಡೆ ತಿರುಗಿ ನಕ್ಕೆ. ಸಾಮಾನು ಅದೇ ಜೀಪಿನಲ್ಲಿ ಚಿಂತಾಮಣಿಗೆ ವಾಪಸಾಯಿತು.

ಎರಡನೆಯದು ಹೆಜ್ಜೇನಿನದು. ಬೆಟ್ಟದ ಪಶ್ಚಿಮದ ಕಡಿದಾದ ಬಂಡೆಗೆ ಜೇನು ಸಾಲಾಗಿ ಕಟ್ಟುತ್ತಿತ್ತು. ಘಮ ಘಮ ಅನ್ನುವುದನ್ನು ಹಚ್ಚಿಕೊಂಡು ಆ ಕಡೆ ಹೋಗಬಾರದು ಎಂದು ಊರಿನವರು ಮೊದಲೇ ಹೇಳಿದ್ದರು. ಬಂದವರು ಯಾವುದೋ ಬ್ಯಾಂಕಿನ ನೌಕರರ ಗುಂಪು, ಮದುವೆಗೆ ಹೊರಟಂತೆ ಸೆಂಟು ಹಾಕಿಕೊಂಡಿದ್ದರು. ಜೇನು ಎದ್ದಿತು. ಯಾರಿಗೂ ಪ್ರಾಣಕ್ಕೆ ಅಪಾಯವಾಗಲಿಲ್ಲ ಅನ್ನುವುದೇ ಪುಣ್ಯ, ಮುಖಗಳು ಮಾತ್ರ ಒಂದು ವಾರ ಗುರುತು ಸಿಗುವಂತಿರಲಿಲ್ಲ. ಅವತ್ತಿನಿಂದ ಗಂಗುಲಮ್ಮ ಹೊಸ ಪದ್ಧತಿ ತಂದಳು. ಬಂದವರೆಲ್ಲ ಸಾಲಾಗಿ ನಿಲ್ಲಬೇಕು, ಸಮಿತಿಯ ಹೆಂಗಸರು ಒಬ್ಬೊಬ್ಬರನ್ನೇ ಮೂಸಿ ನೋಡಬೇಕು. ವಾಸನೆ ಇದ್ದವರು ಕೆರೆ ಏರಿಯ ಬೋರ್‌ವೆಲ್‌ನಲ್ಲಿ ಮುಖ ಕೈ ತೊಳೆದು ಬರಬೇಕು. ರೇಂಜರ್ ಸಾಹೇಬರ ತಲೆಯೆಣ್ಣೆಯನ್ನೂ ಮೂಸಿ ತೊಳೆಸಿದಳು. ಪ್ರವಾಸಿಗರಿಗೆ ಬೆಟ್ಟಕ್ಕಿಂತ ಇದೇ ಹೆಚ್ಚು ನೆನಪಿನಲ್ಲಿ ಉಳಿಯಿತು ಎಂದು ಕಾಣುತ್ತದೆ, ಬಂದವರು ಇನ್ನಷ್ಟು ಜನಕ್ಕೆ ಹೇಳಿ ಕಳಿಸುತ್ತಿದ್ದರು.

ಹೀಗೆ ಮಳೆಗಾಲ, ಚಳಿಗಾಲ ಕೆಲಸ ನಡೆಯಿತು. ಹೆಂಗಸರು ಮುದ್ದೆ, ಹುರುಳಿಕಾಳು ಸಾರು ಮಾಡಿ ಬಡಿಸುವುದು, ಗಂಡಸರು ಬೆಟ್ಟ ಹತ್ತಿಸುವುದು. ಗೌರಿಬಿದನೂರು ರೈಲ್ವೆ ಸ್ಟೇಷನ್ನಿನಿಂದ ಜನರನ್ನು ಕರೆತರುವುದಕ್ಕೆ ಮಂಚೇನಹಳ್ಳಿಯ ಮಂಜುನಾಥ ಎಂಬ ಹುಡುಗನ ಟೆಂಪೊ. ಚುರುಕಿನ ಹುಡುಗ, ಗಂಗುಲಮ್ಮನ ಮಗಳು ಅನಿತಾಳಿಗೂ ಅವನಿಗೂ ಮದುವೆ ಮಾತು ಆಯಿತು. ಆದರೆ ಇದೆಲ್ಲ ಪ್ರಯೋಗದ ಮೇಲೆ ನಡೆದಿತ್ತು. ಬೆಟ್ಟವನ್ನು ಊರಿನ ಸಮಿತಿಗೇ ವಹಿಸಿಕೊಡುವ ಒಪ್ಪಂದಕ್ಕೆ ಇನ್ನೂ ರುಜು ಬಿದ್ದಿರಲಿಲ್ಲ. ಬೆಂಗಳೂರಿನ ಒಂದು ಟ್ರೆಕ್ಕಿಂಗ್ ಕಂಪನಿ ಅದೇ ಬೆಟ್ಟವನ್ನು ಕೇಳುತ್ತಿತ್ತು.

ಈಗ ಮುಳ್ಳಿನ ವಿಷಯ ಹೇಳಬೇಕು. ಬೆಟ್ಟದ ನೆತ್ತಿಯಲ್ಲಿ ಬಂಡೆಯೊಳಗೆ ಒಂದು ದೊಣೆ ಇದೆ, ಮಳೆ ನೀರು ತುಂಬಿ ನಿಲ್ಲುವ ಹೊಂಡ. ಶಿವರಾತ್ರಿ ಕಳೆದು ದೊಣೆಯ ನೀರು ಇಳಿದು ಒಳಗಿನ ಕಲ್ಲು ಕಾಣಿಸಿದರೆ, ನರಸಿಂಹಪ್ಪನ ಮನೆಯವರು ಒಂದು ದೊಡ್ಡ ಕಾರೆ ಮುಳ್ಳಿನ ಕೊಂಬೆ ಕಡಿದು ಬೆಟ್ಟದ ದಾರಿಗೆ ಅಡ್ಡ ಹಾಕುತ್ತಾರೆ. ಅಲ್ಲಿಂದ ಮೊದಲ ಮಳೆಯವರೆಗೆ ಮನುಷ್ಯ ಹತ್ತುವಂತಿಲ್ಲ, ಮೇಕೆ ಹತ್ತುವಂತಿಲ್ಲ. ಉಳಿದ ನೀರು ಕರಡಿಯದು, ನವಿಲಿನದು. ಹಾಕಿದ ಕೈಯೇ ಅದನ್ನು ತೆಗೆಯಬೇಕು. ದಾಟಿದವರಿಗೆ ದೇವರ ಶಾಪ ಗೀಪ ಏನೂ ಇಲ್ಲ. ಮಳೆ ಬರುವ ತನಕ ಆ ಊರಿನ ಯಾವ ಮನೆಯಲ್ಲೂ ಅವರಿಗೆ ಅನ್ನ ನೀರು ಕೊಡುವುದಿಲ್ಲ, ಅವರ ಮನೆಯಲ್ಲಿ ಯಾರೂ ನೀರು ಮುಟ್ಟುವುದಿಲ್ಲ. ಅಷ್ಟೇ. ಆ ವರ್ಷ ನರಸಿಂಹಪ್ಪನಿಗೆ ಮಂಡಿ ನೋವು, ಮುಳ್ಳು ಹಾಕಿದವಳು ಗಂಗುಲಮ್ಮ.

ಬೆಂಗಳೂರಿನಿಂದ ಹಿರಿಯ ಅಧಿಕಾರಿಯೊಬ್ಬರು ಬರುವ ದಿನ ಗೊತ್ತಾದದ್ದು ಮುಳ್ಳು ಬಿದ್ದ ಮೇಲೆ. ಅವರು ಬೆಟ್ಟ ಹತ್ತಿ ದೊಣೆ ನೋಡಬೇಕು, ಇಳಿದು ಬಂದು ಊರಿನ ಊಟ ಮಾಡಬೇಕು, ಆಮೇಲೆ ಒಪ್ಪಂದದ ತೀರ್ಮಾನ. ದಿನ ಮುಂದೂಡಿ ಎಂದು ನಾನು ರೇಂಜರ್ ಸಾಹೇಬರಿಗೆ ಹೇಳಿದೆ.

"ಏನ್ರೀ ನೀವು? ಒಂದು ಮುಳ್ಳಿನ ಕೊಂಬೆಗೆ ಹೆದರ್ಕೊಂಡು ಅವರ ಪ್ರೋಗ್ರಾಂ ಕ್ಯಾನ್ಸಲ್ ಮಾಡ್ಸಕ್ಕಾಗುತ್ತಾ? ಎತ್ತಿ ಪಕ್ಕಕ್ಕೆ ಹಾಕ್ಸಿ."

"ನಾವು ಎತ್ತಿದ್ರೆ ಊರಿನೋರು ಅಡುಗೆ ಮನೆ ಬಾಗಿಲು ಹಾಕ್ತಾರೆ ಸಾರ್."

"ಹಾಗಾದ್ರೆ ಕಂಪನಿಯೋರು ಮಾಡ್ತಾರೆ ಬಿಡಿ. ಅವರಿಗೆ ಮುಳ್ಳೂ ಇಲ್ಲ, ಗಿಳ್ಳೂ ಇಲ್ಲ."

ನಾನು ಇದನ್ನು ಗಂಗುಲಮ್ಮನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳ ಸಂಕಟ ಊರಿಗೆಲ್ಲ ಗೊತ್ತಿತ್ತು. ಮುಳ್ಳು ತೆಗೆಯದಿದ್ದರೆ ಬೆಟ್ಟ ಕಂಪನಿಗೆ ಹೋಗುತ್ತದೆ. ತೆಗೆದು ದಾಟಿದರೆ ಮುಂದಿನ ತಿಂಗಳು ಮಗಳ ಮದುವೆಗೆ ಊರಿನವರು ಯಾರೂ ಎಲೆ ಮುಂದೆ ಕೂರುವುದಿಲ್ಲ. ಮಾವ ನರಸಿಂಹಪ್ಪ ಜಗುಲಿಯಿಂದಲೇ ಹೇಳಿದ. "ನಾನ್ ಆವತ್ತೇ ಹೇಳ್ದೆ, ಈ ಟೂರಿಸ್ಟುಗಳ ಸಾವಾಸ ಬೇಡ ಅಂತ." ಅದಕ್ಕೆ ಅವಳು, "ನೀನ್ ಸುಮ್ನಿರು ಮಾವ, ಕಂಪನಿಯೋನು ಬಂದ್ರೆ ನಿನ್ ಮಾತ್ ಕೇಳ್ತಾನಾ?" ಅಂದಳು.

ಅಧಿಕಾರಿ ಬಂದ ದಿನ ಬಿಸಿಲು ಸುಡುತ್ತಿತ್ತು. ಮುಳ್ಳು ದಾರಿಗೆ ಅಡ್ಡ ಬಿದ್ದೇ ಇತ್ತು. ಸಮಿತಿಯ ಹೆಂಗಸರು ಅದರ ಪಕ್ಕ ನಿಂತಿದ್ದರು. ರೇಂಜರ್ ಸಾಹೇಬರ ಮುಖ ಕೆಂಪಾಯಿತು. "ತೆಗಿಯಮ್ಮ ಅದನ್ನ" ಎಂದು ಹಲ್ಲು ಕಚ್ಚಿ ಹೇಳಿದರು. ಅಧಿಕಾರಿ ಅರ್ಥವಾಗದೆ ಇದೇನೆಂದು ಕೇಳಿದರು. ಗಂಗುಲಮ್ಮ ಪದ್ಧತಿಯನ್ನು ಸರಳವಾಗಿ ವಿವರಿಸಿ ಕೊನೆಗೆ ಹೇಳಿದ ಮಾತು ನನಗೆ ಇವತ್ತಿಗೂ ಬಾಯಿಪಾಠ.

"ನೀವು ದಾಟಬೌದು ಸಾಮಿ. ಸರ್ಕಾರದ ಬೆಟ್ಟ, ಬೇಡ ಅನ್ನೋಕೆ ನಾವ್ಯಾರು? ಈ ಪಕ್ಕದಾಗೆ ಸಂದಿ ಐತೆ, ಬಟ್ಟೆ ಹರಿಯಲ್ಲ. ಊಟ ಮಾತ್ರ ದಾಟೋಕೆ ಮುಂಚೇನೇ ಮಾಡ್ಬಿಡಿ. ದಾಟಿ ಬಂದೋರಿಗೆ ನಾನು ಬಡಿಸೋ ಹಂಗಿಲ್ಲ. ಮನೇಗ್ ಬಂದೋರ್ನ ಹಸ್ಕೊಂಡ್ ಕಳಿಸಿದ್ರೆ ನಂಗೆ ನಿದ್ದೆ ಬರಲ್ಲ."

ಅಧಿಕಾರಿ ಮುಳ್ಳನ್ನು ನೋಡಿದರು, ಬೆಟ್ಟ ನೋಡಿದರು, ಆಮೇಲೆ ಜೋರಾಗಿ ನಕ್ಕುಬಿಟ್ಟರು. "ಆಯ್ತಮ್ಮ, ಮೊದಲು ಊಟವೇ ಆಗಲಿ" ಅಂದರು.

ಊಟಕ್ಕೆ ನಾಟಿ ಕೋಳಿ ಸಾರು, ಮುದ್ದೆ. ಹೆಂಗಸರು ಬೇಡ ಬೇಡ ಅಂದರೂ ಬಿಡದೆ ಬಡಿಸಿದರು, ಅದರಲ್ಲಿ ಸ್ವಲ್ಪ ಉಪಾಯವೂ ಇತ್ತು ಎಂದು ನನ್ನ ಅನುಮಾನ. ಊಟವಾದ ಮೇಲೆ ಆ ಬಿಸಿಲಲ್ಲಿ ಯಾರಿಗೂ ಹತ್ತುವ ಮನಸ್ಸಿರಲಿಲ್ಲ. ಗಂಗುಲಮ್ಮ ಅಧಿಕಾರಿಯನ್ನು ಊರಮುಂದಿನ ಹಾಸುಬಂಡೆಯ ಮೇಲೆ ಬೇವಿನ ನೆರಳಲ್ಲಿ ಕೂರಿಸಿದಳು. ಬೇಸಿಗೆಯಲ್ಲಿ ಊರಿಗೆ ಹೊಸದಾಗಿ ಬಂದ ಸೊಸೆಯನ್ನು ಅಲ್ಲೇ ಕೂರಿಸಿ ಬೆಟ್ಟ ತೋರಿಸುವುದು ಅವರ ವಾಡಿಕೆ. ಕೋಲು ಚಾಚಿ ಹೇಳುತ್ತಾ ಹೋದಳು. ಅಗೋ ಅಲ್ಲಿ ಕಪ್ಪು ಗೆರೆ, ಅದು ಜೇನು ಕಟ್ಟೋ ಬಂಡೆ. ಅದರ ಕೆಳಗೆ ಕರಡಿ ಮರಿ ಹಾಕೋ ಗವಿ. ಈ ಕಡೆ ತೂಪ್ರೆ ಹಣ್ಣಿನ ಗಿಡ, ಹಣ್ಣಾದಾಗ ನಾವು ಬೆಳಿಗ್ಗೆ ಹೋಗ್ತೀವಿ, ಕರಡಿ ಸಂಜೆ ಹೋಗ್ತದೆ. ಅವಳು ಒಂದೊಂದು ಬಂಡೆಯ ಹೆಸರು ಹೇಳುವಾಗಲೂ ಹಿಂದಿನಿಂದ ನರಸಿಂಹಪ್ಪ ತಿದ್ದುತ್ತಿದ್ದ, ಸೊಸೆಯ ಅಡುಗೆ ತಿದ್ದುವ ಅತ್ತೆಯಂತೆ. ಕರಡಿ ಕಾಣಿಸಲಿಲ್ಲ. ಹೊತ್ತು ಇಳಿದಾಗ ನವಿಲುಗಳು ದೊಣೆಯ ಕಡೆ ಹತ್ತಿದವು. ಅಧಿಕಾರಿ ಕಾರು ಹತ್ತುವಾಗ ಹೇಳಿದ್ದು ಒಂದೇ ಮಾತು. "ಮಳೆ ಬಂದ ಮೇಲೆ ಹೇಳಿಕಳಿಸಿ."

ಅವರು ಮತ್ತೆ ಬರಲಿಲ್ಲ, ಅಷ್ಟರಲ್ಲಿ ಅವರಿಗೆ ವರ್ಗವಾಗಿತ್ತು. ಹೋಗುವ ಮೊದಲು ಮಾತ್ರ ರುಜು ಹಾಕಿ ಹೋಗಿದ್ದರು. ಬೆಟ್ಟ ಊರಿನ ಸಮಿತಿಗೆ, ಬೇಸಿಗೆಯಲ್ಲಿ ಪ್ರವೇಶವಿಲ್ಲ. ಸುದ್ದಿ ಕೇಳಿದ ದಿನ ನಾನು ಸೈಕಲ್ ಕಲಿತ ಹುಡುಗನ ಹಾಗೆ ಕುಣಿಯುವುದೊಂದು ಬಾಕಿ. ಸ್ವಲ್ಪ ದಿನಕ್ಕೆ ಬೆಟ್ಟದ ಬುಡದಲ್ಲಿ ಇಲಾಖೆಯ ಫಲಕ ಬಂತು. ಕಾಡ್ಗಿಚ್ಚಿನ ಅಪಾಯವಿರುವುದರಿಂದ ಬೇಸಿಗೆಯಲ್ಲಿ ಮುಚ್ಚಲಾಗಿದೆ ಎಂದು ಅದರಲ್ಲಿ ಬರೆದಿತ್ತು. ಮುಳ್ಳಿನ ಮಾತೇ ಇರಲಿಲ್ಲ. ಇದು ತಮ್ಮದೇ ಯೋಚನೆ ಎಂದು ರೇಂಜರ್ ಸಾಹೇಬರು ಸಭೆಗಳಲ್ಲಿ ಹೇಳಿದರು. ನಾನು ಬಾಯಿ ಬಿಡಲಿಲ್ಲ. ನಮ್ಮ ಇಲಾಖೆಯಲ್ಲಿ ಕೆಲಸ ಆಗಬೇಕಾದರೆ ಅದು ಮೇಲಿನವರಿಗೆ ಹೊಳೆದ ಹಾಗೆ ಆಗಬೇಕು, ಇದನ್ನು ನೀವೂ ಬೇಗ ಕಲಿಯಿರಿ. ಅನಿತಾಳ ಮದುವೆಯಲ್ಲಿ ಊರೆಲ್ಲ ಉಂಡಿತು, ಸಾಹೇಬರೂ ಬಂದು ಉಂಡರು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಬರೆಯಲು ಕೂರುತ್ತಿರಲಿಲ್ಲ. ಅಧಿಕಾರಿಗಳ ಎದುರು ಗಟ್ಟಿ ನಿಲ್ಲುವವರನ್ನು ನಾನು ಬೇರೆ ಕಡೆಯೂ ನೋಡಿದ್ದೇನೆ.

ಮರುವರ್ಷದ ಯುಗಾದಿ. ಹಬ್ಬದ ಮಾರನೆಯ ದಿನ ಹೊಸತೊಡಕು, ಮಾಂಸದಡುಗೆಯ ದಿನ. ಹೊಸ ಅಳಿಯ ಅತ್ತೆಮನೆಗೆ ಬರುವ ಮೊದಲ ವರ್ಷ, ಗಂಗುಲಮ್ಮ ನನ್ನನ್ನೂ ಊಟಕ್ಕೆ ಕರೆದಿದ್ದಳು. ಮುಳ್ಳು ಬಿದ್ದು ಕೆಲವು ವಾರಗಳಾಗಿದ್ದವು. ಮಂಜುನಾಥ ಬೆಳಿಗ್ಗೆಯೇ ಹೆಂಡತಿಯನ್ನು ಬಿಟ್ಟು ಎಲ್ಲೋ ಹೋಗಿ ಮಧ್ಯಾಹ್ನಕ್ಕೆ ಬಂದ, ಜೊತೆಯಲ್ಲಿ ನಾಲ್ಕಾರು ಬೆಂಗಳೂರಿನ ಹುಡುಗರು. ಎಲೆ ಹಾಕಿತ್ತು. ಎಲ್ಲರೂ ಕೂತೆವು. ಗಂಗುಲಮ್ಮ ಅಳಿಯನ ಎಲೆಗೆ ಮೊದಲು ಬಡಿಸಬೇಕೆಂದು ಸಾರಿನ ಪಾತ್ರೆ ಹಿಡಿದು ಬಗ್ಗಿದಳು. ಬೆಂಗಳೂರಿನ ಒಬ್ಬ ಹುಡುಗ ಸಂತೋಷದಿಂದ, "ಆಂಟಿ, ಮೇಲೆ ಆ ನೀರು ಎಷ್ಟು ತಣ್ಣಗಿದೆ! ಎಲ್ಲರೂ ಸ್ನಾನ ಮಾಡಿದ್ವಿ" ಅಂದ.

ಗಂಗುಲಮ್ಮ ಹಾಗೇ ನಿಂತಳು. ಅಳಿಯನನ್ನು ಕೇಳಿದಳು. "ಮುಳ್ಳು ದಾಟಿದ್ಯೇನಪ್ಪ?"

"ಹಿಂದ್ಗಡೆಯಿಂದ ಹತ್ತಿಸ್ದೆ ಅತ್ತೆ. ಮುಳ್ಳು ಮುಟ್ಟೇ ಇಲ್ಲ. ಬ್ಯುಸಿನೆಸ್ಸು ನಿಂತೋಗೈತೆ, ಟೆಂಪೊ ಸುಮ್ನೆ ನಿಂತೈತೆ. ದೂರದಿಂದ ಬಂದೋರ್ನ ಏನಂತ ವಾಪಸ್ ಕಳಿಸ್ಲಿ?"

ಆಶ್ಚರ್ಯವೆಂದರೆ ಮೊದಲು ಸಡಿಲಗೊಂಡವನು ನರಸಿಂಹಪ್ಪ. "ಹೊಸ ಅಳಿಯ ಕಣಮ್ಮ. ಗೊತ್ತಿಲ್ದೆ ಮಾಡವ್ನೆ. ಇವತ್ತೊಂದಿನ ಬಡಿಸು."

"ಗೊತ್ತಿಲ್ದೆ ಅಲ್ಲ ಮಾವ, ಗೊತ್ತಿದ್ದೇ ಹಿಂದ್ಗಡೆಯಿಂದ ಹೋಗವ್ನೆ. ಅಷ್ಟ್ ದೊಡ್ಡ ಸಾಹೇಬ್ರಿಗೆ ಒಂದು, ನನ್ನ ಅಳಿಯಂಗೆ ಒಂದಾ? ನಾಳೆ ಈ ಊರಾಗೆ ಯಾರ್ ನನ್ ಮುಳ್ಳು ಕೇಳ್ತಾರೆ?"

ಪಾತ್ರೆಯನ್ನು ಒಳಗೆ ಇಟ್ಟಳು. ಬೆಂಗಳೂರಿನ ಹುಡುಗರು ಏನೂ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ಮಂಜುನಾಥ ಎದ್ದ. ಎಲೆಯ ಮುಂದಿನಿಂದ ಹಸಿದು ಏಳುವುದು ಹೊಸ ಅಳಿಯನಿಗೆ ಎಂಥ ಅವಮಾನ ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಗಂಗುಲಮ್ಮ ಮಗಳಿಗೆ, "ನೀನು ದಾಟಿಲ್ಲ, ನೀನ್ ಕೂತ್ಕೊ" ಅಂದಳು. ಅನಿತಾ ಚಪ್ಪಲಿ ಮೆಟ್ಟಿಕೊಂಡಳು. "ನನ್ ಗಂಡಂಗಿಲ್ದಿರೋ ನೀರು ನಂಗ್ಯಾಕಮ್ಮ?" ಟೆಂಪೊ ಹೋಯಿತು. ನಾನೂ ಉಣ್ಣಲಿಲ್ಲ, ಉಣ್ಣುವುದಕ್ಕೆ ಆಗಲಿಲ್ಲ.

ಆ ವರ್ಷ ಮಳೆ ಬಹಳ ಸತಾಯಿಸಿತು. ಅಶ್ವಿನಿ ಹೋಯಿತು, ಭರಣಿ ಹೋಯಿತು. ಮಗಳು ಬರಲಿಲ್ಲ, ಫೋನು ಎತ್ತಲಿಲ್ಲ. ಗಂಗುಲಮ್ಮ ದಿನಾ ಸಂಜೆ ಹಾಸುಬಂಡೆಯ ಮೇಲೆ ಕೂತು ಆಕಾಶ ನೋಡುತ್ತಿದ್ದಳು. ನಾಳೆ ಬರುತ್ತೆ, ನಾಡಿದ್ದು ಬರುತ್ತೆ ಎಂದು ನರಸಿಂಹಪ್ಪ ಪಾಪ ದಿನಕ್ಕೊಂದು ಸಲ ಹೇಳುತ್ತಿದ್ದ. ನೀನು ಮಾಡಿದ್ದು ಸರಿ ಎಂದು ನಾನು ಒಂದು ದಿನ ಅವಳಿಗೆ ಹೇಳಹೋದೆ. "ಸರಿ ಅಂತ ನಂಗೂ ಗೊತ್ತು ಫಾರೆಸ್ಟ್ರೇ. ಸರಿ ಮಾಡ್ದೋರ್ಗೆ ಹೊಟ್ಟೆ ಉರಿಯಲ್ವಾ?" ಅಂದಳು.

ಕೃತ್ತಿಕಾ ಮಳೆ ಒಂದು ಸಂಜೆ ಗುಡುಗಿ ಸುರಿಯಿತು. ಬೆಳಿಗ್ಗೆ ನಾನು ದೊಣೆ ನೋಡೋಣವೆಂದು ಹೋದರೆ ಮುಳ್ಳು ಆಗಲೇ ತೆಗೆದಾಗಿತ್ತು, ಗಂಗುಲಮ್ಮ ಕೈಯಲ್ಲಿ ಒಂದು ಬುಟ್ಟಿ ಹಿಡಿದು ಬಸ್ಸಿಗೆ ನಿಂತಿದ್ದಳು. ಬುಟ್ಟಿಯಲ್ಲಿ ಒಂದು ಹುಂಜ. "ನೀವೂ ಬನ್ನಿ ಫಾರೆಸ್ಟ್ರೇ, ಒಬ್ಳೇ ಹೋಗೋಕೆ ಕಾಲ್ ಬರ್ತಿಲ್ಲ" ಅಂದಳು. ಹುಂಜಕ್ಕೆ ಟಿಕೆಟ್ ಬೇಕು ಎಂದು ಕಂಡಕ್ಟರು ದಾರಿಯುದ್ದಕ್ಕೂ ರಗಳೆ ಮಾಡಿದ, ಅವಳು ಒಂದು ಮಾತೂ ತಿರುಗಿ ಆಡಲಿಲ್ಲ. ಅಷ್ಟು ಸುಮ್ಮನಿದ್ದದ್ದು ಕಂಡು ನನಗೇ ಭಯವಾಯಿತು.

ಮಂಚೇನಹಳ್ಳಿಯಲ್ಲಿ ಮಂಜುನಾಥನ ಮನೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿ. ಅವನು ಬಾಗಿಲಲ್ಲೇ ಟೆಂಪೊ ಒರೆಸುತ್ತಿದ್ದ. ನಮ್ಮನ್ನು ನೋಡಿದವನು ಒಳಗೆ ಬನ್ನಿ ಅನ್ನಲಿಲ್ಲ. ಒಳಗಿನಿಂದ ಅನಿತಾ ಬಂದು ಹೊಸಿಲಿನ ಆಚೆ ನಿಂತಳು. ಗಂಗುಲಮ್ಮ ಬೀದಿಯಲ್ಲೇ ನಿಂತು ಹೇಳಿದಳು.

"ಮಳೆ ಬಂತು ಮಂಜಣ್ಣ. ಮುಳ್ಳು ತೆಗೆದೆ. ಬಾಯಾರೈತೆ ಕಣಪ್ಪ, ಒಂದು ಲೋಟ ನೀರು ಕೊಡು."

ಅವನು ಒರೆಸುವ ಬಟ್ಟೆ ಹಿಡಿದುಕೊಂಡು ನೆಲ ನೋಡಿದ. ಅಕ್ಕಪಕ್ಕದ ಮನೆಯವರು ನೋಡುತ್ತಿದ್ದರು. ಅವನು ಇಲ್ಲ ಅಂದಿದ್ದರೆ ಯಾಕೆಂದು ಕೇಳುವವರು ಯಾರೂ ಇರಲಿಲ್ಲ, ಅವಳಂತೂ ಕೇಳುತ್ತಿರಲಿಲ್ಲ. ಆಮೇಲೆ ಅವನು ಒಳಗೆ ಹೋದ. ತಾನೇ ಹೋದ, ಹೆಂಡತಿಗೆ ಹೇಳಲಿಲ್ಲ. ಚೊಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲದ ಚೂರು ತಂದು ಎರಡು ಕೈಯಲ್ಲಿ ಕೊಟ್ಟ. ಅವಳು ನಿಂತಲ್ಲೇ ಅಷ್ಟನ್ನೂ ಕುಡಿದಳು. ಕಣ್ಣೀರು ಸೀರೆಯ ಮೇಲೆ ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಒಳಗೆ ಬಾ ಅತ್ತೆ" ಅಂದ ಅವನು.

"ಬಂದೆ. ಅನಿತಾ, ಈ ಹುಂಜ ಹಿಡ್ಕೊ, ಮಸಾಲೆಗೆ ಕಾಯಿ ತುರಿ. ಇವನ ಎಲೆಗೆ ಬಡಿಸೋದು ಬಾಕಿ ಐತೆ."